ದೊಡ್ಡಮ್ಮ ಹಾಕಿದ ಇನ್ನೊಂದು ತುಂಡು ಬೆಲ್ಲ

ಫ್ರೆಂಡ್ಸ್, ಮನೆಯ ವಿಷಯ ನಮ್ಮ ಡಯಟ್ ಗ್ರೂಪ್‌ನಲ್ಲಿ ಬರೆಯುತ್ತಿರುವುದಕ್ಕೆ ಮೊದಲೇ ಸಾರಿ. ಡಯಟ್‌ನಿಂದ ಚೆನ್ನಾಗಿ ಇಳಿಯುತ್ತಿದ್ದ ನನ್ನ ತೂಕ ಮೂರು ವಾರದಿಂದ ಅರವತ್ತೆಂಟರಲ್ಲೇ ನಿಂತಿದೆ. ರಾತ್ರಿ ಊಟವನ್ನೂ ಬಿಟ್ಟೆ, ಮುಳ್ಳು ಅಲ್ಲಾಡಲಿಲ್ಲ. ಸುಂಟಿಕೊಪ್ಪದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತೇನೆ. ಇಲ್ಲಿ ಬ್ಲ್ಯಾಕ್ ಕಾಫಿ ಎಂದರೆ ಬೆಲ್ಲ ಹಾಕಿ ಕುದಿಸಿದ್ದು. ಬೆಲ್ಲ ಹೆಲ್ದಿ ಅಲ್ಲವಾ ಎಂದು ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಇವತ್ತು ಬೆಳಗ್ಗೆ ದೊಡ್ಡಮ್ಮ ನನ್ನ ಲೋಟಕ್ಕೆ ಮಾತ್ರ ಇನ್ನೊಂದು ತುಂಡು ಬೆಲ್ಲ ಹಾಕುವುದು ಕಣ್ಣಿಗೆ ಬಿತ್ತು. ಪಕ್ಕದ ಮನೆಯ ಆಂಟಿಯ ಎದುರಿಗೇ ಕೂಗಾಡಿಬಿಟ್ಟೆ.

"ದೊಡ್ಡಮ್ಮ, ಇದು ಚೀಟಿಂಗ್! ನಾನು ದಪ್ಪಗೇ ಇರ್ಲಿ ಅಂತಾನಾ ನಿಮಗೆ?"

"ಒಂದು ತುಂಡು ಬೆಲ್ಲಕ್ಕೆ ಇಷ್ಟು ಗಲಾಟೆನಾ ಮಾರಾಯ್ತಿ!" ಎಂದು ಆಂಟಿ ನಕ್ಕರು.

ದೊಡ್ಡಮ್ಮ ನಗಲಿಲ್ಲ. "ರಾತ್ರಿ ಉಪವಾಸ ಮಲಗ್ತೀಯಲ್ಲ ಮಗಾ. ಬಸ್ಸಲ್ಲಿ ತಲೆ ತಿರುಗಿ ಬಿದ್ರೆ ಅಂತ ಹಾಕ್ತಿದ್ದೆ. ಇನ್ನು ಹಾಕಲ್ಲ ಬಿಡು" ಎಂದರು.

ಈಗಷ್ಟೇ ಕಾಲೇಜಿನಿಂದ ಬಂದೆ. ಬೆಲ್ಲವಿಲ್ಲದ ಕಾಫಿಯನ್ನು ಮುಚ್ಚಿಟ್ಟು ದೊಡ್ಡಮ್ಮ ಹಿತ್ತಲಿಗೆ ಹೋಗಿದ್ದಾರೆ. ನಾನು ಬಂದಾಗ "ಬಂದ್ಯಾ" ಎಂದು ಕೇಳಲಿಲ್ಲ. ದಿನಾ ಕೇಳುತ್ತಿದ್ದರು.

ಮೂರು ವಾರ ರಾತ್ರಿ ಊಟ ಬಿಟ್ಟರೂ ಬಸ್ಸಿನಲ್ಲಿ ನಿಂತೇ ಹೋಗಿಬಂದದ್ದು ನನ್ನ ವಿಲ್‌ಪವರ್ ಎಂದು ನಿಮಗೆಲ್ಲ ಮೆಸೇಜ್ ಮಾಡಿದ್ದೆನಲ್ಲ, ಅದನ್ನು ಡಿಲೀಟ್ ಮಾಡಿಬಿಡಿ.

ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲೇ ಬೆಳೆದವಳು ನಾನು. ವಾರ್ಡನ್‌ಗೆ ಅಪಾಲಜಿ ಲೆಟರ್ ಬರೆದು ಗೊತ್ತು, ಮನೆಯವರ ಹತ್ತಿರ ಹೇಗೆ ಕ್ಷಮೆ ಕೇಳಬೇಕೋ ಗೊತ್ತಿಲ್ಲ. ಏನಂತ ಶುರು ಮಾಡಲಿ? ದೊಡ್ಡಮ್ಮ ಒಳಗೆ ಬರುವಷ್ಟರಲ್ಲಿ ಯಾರಾದರೂ ರಿಪ್ಲೈ ಮಾಡಿ, ಪ್ಲೀಸ್.