ಚಿನ್ನು ಎತ್ತಿದ ಚೀಟಿ

೨೦೧೨ರ ಬೇಸಿಗೆ. ಅರ್ಥಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಬಡತನದ ಬಗ್ಗೆ ಎಲ್ಲ ಗೊತ್ತು ಎಂಬ ಧಿಮಾಕು ಮಾತ್ರ ಜೋರಾಗಿತ್ತು. ನಮ್ಮ ತಂಡ ಲಗ್ಗೆರೆಯಲ್ಲಿ ಗಾರ್ಮೆಂಟ್ಸ್ ಕೆಲಸದ ಹೆಂಗಸರ ಮಕ್ಕಳಿಗಾಗಿ ಉಚಿತ ಶಿಶುವಿಹಾರ ತೆರೆದಿತ್ತು. ಸೀಟು ಕಡಿಮೆ, ಕೇಳಿದವರು ಹೆಚ್ಚು. ಚೀಟಿ ಎತ್ತಿ ಮಕ್ಕಳನ್ನು ಸೇರಿಸಿಕೊಳ್ಳುವುದು, ಆಮೇಲೆ ಸೀಟು ಸಿಕ್ಕ ಮನೆಗಳನ್ನೂ ಸಿಗದ ಮನೆಗಳನ್ನೂ ಹೋಲಿಸಿ ನೋಡುವುದು, ಇದೇ ನಮ್ಮ ಅಧ್ಯಯನ.

ಒಂದು ಭಾನುವಾರ ಗಣೇಶನ ಗುಡಿ ಮುಂದೆ ಎಲ್ಲರೂ ಸೇರಿದರು. ಹೆಸರು ಬರೆದ ಚೀಟಿಗಳನ್ನು ಸ್ಟೀಲ್ ಪಾತ್ರೆಗೆ ಹಾಕಿ, "ಯಾವುದಾದ್ರೂ ಮಗು ಕೈಲಿ ಎತ್ತಿಸೋಣ" ಎಂದೆ. ಪೀಣ್ಯದಲ್ಲಿ ಟೈಲರ್ ಆಗಿದ್ದ ಮಂಜುಳಾ ತಟ್ಟನೆ ತಮ್ಮ ಮೂರು ವರ್ಷದ ಮಗಳನ್ನು ಮುಂದೆ ತಳ್ಳಿದರು.

"ನಮ್ ಚಿನ್ನು ಎತ್ಲಿ ಮೇಡಂ. ಇವಳ ಕೈಗುಣ ಬಾಳ ಚೆನ್ನಾಗೈತೆ!" ಎಂದವರು ದನಿ ತಗ್ಗಿಸಿ, "ಸೀಟ್ ಸಿಗ್ಲಿಲ್ಲ ಅಂದ್ರೆ ಇವಳನ್ನ ಪಾವಗಡಕ್ಕೆ, ನಮ್ಮಮ್ಮನ ತಾವ ಬಿಡ್ಬೇಕು. ಇಲ್ಲಿ ನೋಡ್ಕೊಳ್ಳೋರ್ ಯಾರವ್ರೆ?" ಎಂದರು.

ಚಿನ್ನುವಿಗೆ ಅದೊಂದು ಆಟ. ಒಂದೊಂದು ಚೀಟಿಗೂ ಜನ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು. ಕೊನೆಯ ಸೀಟಿನ ಚೀಟಿಯಲ್ಲಿ ಪಕ್ಕದ ಮನೆಯ ಮಗುವಿನ ಹೆಸರಿತ್ತು. ಚಿನ್ನು ಕುಣಿಯುತ್ತಾ ಅಮ್ಮನ ಕಡೆ ತಿರುಗಿದಳು. "ಜಾಣೆ ಕಣೇ ನೀನು" ಎಂದು ಮಂಜುಳಾ ಅವಳನ್ನು ಎತ್ತಿಕೊಂಡು, ಅವಳ ಹೆಗಲಲ್ಲಿ ಮುಖ ಮುಚ್ಚಿಕೊಂಡರು.

ನನಗೆ ತಡೆಯಲಾಗಲಿಲ್ಲ. "ಇನ್ನೊಂದು ಮಗು ಹೆಚ್ಚಾದ್ರೆ ಏನಾಗುತ್ತೆ ಸಾರ್?" ಎಂದು ನಮ್ಮ ಗೈಡ್ ಹತ್ತಿರ ಅಂಗಲಾಚಿದೆ.

"ಪಾಪ ಅಂತ ಎಲ್ಲರನ್ನೂ ಸೇರಿಸ್ಕೊಂಡ್ರೆ ಹೋಲಿಸೋದು ಯಾರ ಜೊತೇಮ್ಮಾ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೆ ಸಿಟ್ಟು ಬಂದಿದ್ದೂ ಅದಕ್ಕೇ.

ಮರುವರ್ಷ ಅಧ್ಯಯನದ ಪ್ರಶ್ನೆ ಕೇಳಲು ಮಂಜುಳಾ ಮನೆಗೆ ಹೋದೆ. ಗೋಡೆಯ ಮೊಳೆಯಲ್ಲಿ ಪುಟ್ಟ ಫ್ರಾಕು ನೇತಾಡುತ್ತಿತ್ತು, ಚಿನ್ನು ಇರಲಿಲ್ಲ.

"ಯುಗಾದಿಗೆ ಊರಿಗೋಗಿದ್ದೆ ಮೇಡಂ. ಚಿನ್ನು ನನ್ನನ್ನ ಅಕ್ಕ ಅಂತಾಳೆ. ಅಮ್ಮ ಅಂತ ಕರೆಯೋದು ಅವರಜ್ಜೀನ."

ನನಗೆ ಕಾಫಿ ಕೊಟ್ಟು, ಒಂದೂ ಬಿಡದೆ ಎಲ್ಲ ಪ್ರಶ್ನೆಗೂ ಉತ್ತರ ಹೇಳಿದರು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಬಾಗಿಲಿಗೆ ಬಂದು ಕೇಳಿದರು: "ಈ ಸಲ ಚೀಟಿ ಎತ್ತಲ್ವಾ ಮೇಡಂ?"

ಅಧ್ಯಯನ ಮುಗಿಯುತ್ತಾ ಬಂದಿತ್ತು, ಶಿಶುವಿಹಾರ ಮುಚ್ಚುವುದರಲ್ಲಿತ್ತು. "ಇಲ್ಲ" ಎಂದೆ.

"ಓಗ್ಲಿ ಬಿಡಿ. ಆ ಚೀಟಿ ತಾನೇ ಎತ್ತಿದ್ದು ಅಂತ ಅವಳಿಗೆ ಗ್ಯಾಪ್ಕ ಇಲ್ಲ, ಅಷ್ಟೇ ಸಾಕು" ಎಂದರು.

ಶಿಶುವಿಹಾರವಿದ್ದರೆ ತಾಯಿ ಮಕ್ಕಳಿಗೆ ಒಳ್ಳೆಯದಾಗುತ್ತದೆ ಎಂದು ನಮ್ಮ ಅಧ್ಯಯನ ತೋರಿಸಿಕೊಟ್ಟಿತು. ನನಗೆ ಪದವಿಯೂ ಬಂತು. ಈಗಲೂ ಎಲ್ಲಾದರೂ ಚೀಟಿ ಎತ್ತಲು ಮಗುವನ್ನು ಮುಂದೆ ಕರೆದರೆ ಎದ್ದು ಹೊರಗೆ ಹೋಗಿಬಿಡುತ್ತೇನೆ.