ಆಯಿ ಕದ್ದ ಮೊಲದ ಮರಿ

ಕುರಿಯ ಹಾಲು ಕಾಯುವಾಗ ಏಳುವ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ದಪ್ಪ, ಜಿಡ್ಡು, ಒಂದಿಷ್ಟು ಉಣ್ಣೆಯದು, ಒಂದಿಷ್ಟು ಹೊಗೆಯದು. ಮೊನ್ನೆ ಮೂಡಲಗಿಯಿಂದ ಕಲ್ಲೋಳಿಗೆ ಸ್ಕೂಟಿಯ ಮೇಲೆ ಹೊರಟಾಗ, ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದವರ ಒಲೆಯಿಂದ ಆ ವಾಸನೆ ಬಂತು. ಗಾಡಿ ನಿಲ್ಲಿಸಿದೆ. ಹಿಂದೆ ಕುಂತಿದ್ದ ಮಗಳು ಮೂಗು ಮುಚ್ಚಿಕೊಂಡು "ಮಮ್ಮಿ, ಏನಿದು?" ಅಂದಳು. "ನಮ್ಮ ಮನಿ" ಅಂದೆ. ಆಕೆಗೆ ತಿಳಿಯಲಿಲ್ಲ. ನೀವೂ ಇಂಥದೊಂದು ಮನೆ ಕಳೆದುಕೊಂಡವರಾದರೆ ನಿಮಗೆ ತಿಳಿದೀತು.

ಆ ಮನೆ ಕಲ್ಲೋಳಿಯ ಆಚೆ ಹೊಲದೊಳಗೆ ಇತ್ತು. ಅಪ್ಪ, ಅವ್ವ ವರ್ಷದ ಬಹುಪಾಲು ಹಿಂಡಿನ ಹಿಂದೆ ಊರೂರು ಅಲೆಯುವವರು. ಸಾಲಿ ಸಲುವಾಗಿ ನನ್ನನ್ನು ಆಯಿಯ ಹತ್ತಿರ, ಅಂದರೆ ಅಪ್ಪನ ಅವ್ವನ ಹತ್ತಿರ ಇಟ್ಟಿದ್ದರು. ಕುಂಟುವ ಕುರಿ, ಆಗಷ್ಟೇ ಈದ ಕುರಿ, ತಾಯಿ ಸತ್ತ ಮರಿ, ನಡೆಯಲು ಬೇಸರಪಡುವ ನನ್ನ ಕಾಕಾ, ಹೀಗೆ ಹಿಂಡಿನ ಸಂಗಡ ಹೋಗಲಾರದ್ದೆಲ್ಲ ಆಯಿಯ ಪಾಲಿಗೆ. ತಬ್ಬಲಿ ಮರಿಯನ್ನು ಬೇರೆ ಕುರಿಗೆ ಹಚ್ಚುವುದರಲ್ಲಿ ಆಯಿಯದು ದೊಡ್ಡ ಹೆಸರು. ಬೆಲ್ಲದ ಬಾಗೇವಾಡಿಯಿಂದಲೂ ಕರೆ ಬರುತ್ತಿತ್ತು. ಆ ಕುರಿಯದೇ ಹಾಲು ಹಿಂಡಿ ಮರಿಯ ಮೈಗೆ ಸವರಬೇಕು, ಬೆನ್ನಿಗೆ ಉಪ್ಪು ತಿಕ್ಕಬೇಕು. ಕುರಿ ಉಪ್ಪಿನ ಆಸೆಗೆ ನೆಕ್ಕುತ್ತ ನೆಕ್ಕುತ್ತ, ಇದು ನನ್ನದೇ ಅಂದುಕೊಳ್ಳುತ್ತದೆ.

ನಾನು ಏಳನೇ ಇಯತ್ತೆಯಲ್ಲಿದ್ದಾಗ ಒಂದು ಮುಂಜಾನೆ ಆಯಿ ಜೋಳದ ಹೊಲದಿಂದ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಬಂದಳು. ಬಿಚ್ಚಿದರೆ ಮೊಲದ ಮರಿ. ನನ್ನ ಮುಷ್ಟಿಯಷ್ಟಿತ್ತು. ಕಣ್ಣು ತೆರೆದಿತ್ತು, ಕಿವಿ ಬೆನ್ನಿಗೆ ಅಂಟಿತ್ತು, ಅಲುಗುತ್ತಿರಲಿಲ್ಲ. "ಜ್ವಾಳದ ಸಾಲಿನ್ಯಾಗ ಒಂದ ಕುಂತಿತ್ತು. ಸುತ್ತ ಯಾರೂ ಇಲ್ಲ. ಪರದೇಶಿ ಕೂಸು" ಅಂದಳು. ಕುರಿ ಕಾದವರ ಲೆಕ್ಕ ಅದು. ಈದ ಕುರಿ ಮರಿಯನ್ನು ಬಿಟ್ಟು ಹೋಗುವುದಿಲ್ಲ, ಮರಿ ಒಂದೇ ಇದ್ದರೆ ತಾಯಿ ಸತ್ತಂತೆಯೇ. ಕಾಕಾ ಹಲ್ಲುಜ್ಜುತ್ತ ಬಂದು ನೋಡಿ, "ಯವ್ವಾ, ಚಲೋ ಮೇಸು. ಹಬ್ಬಕ್ಕ ಸಾರು ಆಕ್ಕೈತಿ" ಅಂದ. "ಮದ್ಲ ನಿನ್ನ ಸಾರು ಮಾಡ್ತೀನಿ, ಸುಮ್ನಿರೋ ಖೋಡಿ" ಅಂದಳು ಆಯಿ.

ಅಂಗಳದಲ್ಲಿ ಮರಿ ಸತ್ತ ಕುರಿಯೊಂದಿತ್ತು, ಕರಿಕಿವಿ ಅಂತ ಹೆಸರು. ಆಯಿ ಮೊಲಕ್ಕೆ ಪದ್ಧತಿ ಪ್ರಕಾರ ಹಾಲು ಸವರಿದಳು, ಉಪ್ಪು ತಿಕ್ಕಿದಳು. ಕಾಕಾ ಕುರಿಯ ಕೊರಳು ಹಿಡಿದ, ನಾನು ಹಿಂಗಾಲು. ಕರಿಕಿವಿ ನೆಕ್ಕಿದ ರಭಸಕ್ಕೆ ಮೊಲ ಮಗುಚಿ ಬಿತ್ತು. ಕುರಿ ಮತ್ತೆ ಮೂಸಿ, ಸೀನಿತು. ಕೆಚ್ಚಲಿಗೆ ಒಯ್ದರೆ ಕುರಿಯ ಮೊಲೆಯೇ ಮರಿಯ ಮುಖಕ್ಕಿಂತ ದೊಡ್ಡದು. "ಬಾಯಿ ತಗಿ, ನನ್ನವ್ವ" ಅಂತ ಆಯಿ ಬೇಡಿಕೊಳ್ಳುವುದು, "ಅದಕ್ಕ ಕನ್ನಡ ತಿಳಿಯೂದಿಲ್ಲ ಯವ್ವಾ" ಅಂತ ಕಾಕಾ ಅನ್ನುವುದು. ಅಷ್ಟರಲ್ಲಿ ಕರಿಕಿವಿಗೆ ಈ ಆಟ ಸಾಕಾಗಿ ಅಲ್ಲೇ ಮಲಗಲು ಹೊರಟಿತು. ಮೂವರೂ ಕೂಗಿಕೊಂಡು ಅದನ್ನು ಎತ್ತಿಹಿಡಿದೆವು. ಮೊಲ ಉಳಿಯಿತು, ಕಾಕಾನ ಪಾದ ಗೊರಸಿಗೆ ಸಿಕ್ಕಿತು. ಆಮೇಲೆ ಆಯಿ ಅರಳೆಯ ಬತ್ತಿ ಹಾಲಿನಲ್ಲಿ ಅದ್ದಿ ಬಾಯಿಗೆ ಹಿಂಡಿದಳು. ಮರಿಯ ಮೂಗಿನಿಂದ ಹಾಲಿನ ಬುರುಗು ಬಂತು. "ರೇಣಿ, ಇದು ನನ್ನ ಕೈಯಾಗ ಸಾಯ್ತೈತಿ. ನಡಿ, ಮೂಡಲಗಿ ದವಾಖಾನಿಗೆ" ಅಂತ ನನಗೆ ಹೇಳಿದಳು ಆಯಿ. ಆಕೆ ಕೈಯಿಟ್ಟ ಮರಿ ಸಾಯುವುದು ಅಂದರೆ ಏನೆಂದು ನನಗೂ ಗೊತ್ತಿತ್ತು.

ಮರಿಯನ್ನು ರೊಟ್ಟಿಬುಟ್ಟಿಯಲ್ಲಿಟ್ಟು ಅರಿವೆ ಮುಚ್ಚಿ ಬಸ್ ಹತ್ತಿದೆವು. ಕಂಡಕ್ಟರ್ ಕೇಳಿದ: "ಬುಟ್ಟ್ಯಾಗ ಏನೈತಬೇ ಆಯಿ?"

"ರೊಟ್ಟಿ."

"ಅಲಗ್ಯಾಡಾಕತ್ತಾವಲ್ಲ?"

"ಬಿಸಿ ಅದಾವು."

ದನದ ದವಾಖಾನೆಯ ಡಾಕ್ಟರು ಅರಿವೆ ಸರಿಸಿ ನೋಡಿದರು, ಮೂಸಿದರು. "ಮೊಲಕ್ಕ ಕುರಿ ವಾಸನಿ ಯಾಕ ಬರ್ತೈತ್ರಿ?" ಆಯಿ ಎಲ್ಲ ಹೇಳಿದಳು. ಅವರು ನಗು ತಡೆದುಕೊಂಡು, "ಆಯಿ, ಇದರ ತಾಯಿ ಹಗಲೆಲ್ಲ ದೂರನ ಇರತೈತಿ. ಬಾಜೂಕ ಕುಂತರ ನರಿಗೆ ಜಾಗಾ ಗೊತ್ತಾಕ್ಕೈತಿ. ಹೊತ್ತು ಮುಳುಗಿದ ಮ್ಯಾಲೆ ಬಂದು ಕುಡಿಸಿ ಹೊಕ್ಕೈತಿ. ನೀವು ಪರದೇಶಿ ಮರಿ ತಂದಿಲ್ಲ. ತಾಯಿದ್ದ ಮರಿ ಕದ್ದು ತಂದೀರಿ" ಅಂದರು. ಗಾಯವಿಲ್ಲ, ಇನ್ನು ಏನೂ ಕುಡಿಸಬೇಡಿ, ಒಣ ಅರಿವೆಯಿಂದ ಒರೆಸಿ ಇದ್ದಲ್ಲೇ ಇಡಿ, ಕೈ ವಾಸನೆಗೆ ತಾಯಿ ಬಿಟ್ಟುಹೋಗುವುದಿಲ್ಲ, ಕಾಡಿನ ಜೀವ, ಮನೆಯಲ್ಲಿ ಸಾಕಿದರೆ ಮಾತ್ರ ಅರಣ್ಯದವರ ಕೇಸ್ ಆಗುತ್ತದೆ ಅಂತಲೂ ಹೇಳಿದರು. ತಿರುಗಿ ಬರುವ ಬಸ್ಸಿನಲ್ಲಿ ಆಯಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಂತಳು. ಊರು ಹತ್ತಿರ ಬಂದಾಗ, "ಎಂಥಾ ತಾಯಿ ಅದು, ಕೂಸು ಬಿಟ್ಟು ತಿರಗಾಕ? ಮತ್ತ ನಾ ಕಳ್ಳಿ!" ಅಂದಳು.

ಇಳಿಹೊತ್ತಿಗೆ ಅದೇ ಸಾಲು ಹುಡುಕಿ ಮರಿಯನ್ನು ಇಟ್ಟೆವು. ನಮ್ಮ ಸಾಕುನಾಯಿ ಹಿಂದೆ ಬರದಂತೆ ಹಿಡಿದುಕೊಂಡು ಕಾಕಾ ಮನೆಯಲ್ಲಿ ಉಳಿದ. ನಾನು, ಆಯಿ ದೂರದ ಬದುವಿನ ಮೇಲೆ ಒಂದೇ ಕಂಬಳಿ ಹೊದ್ದು ಕುಂತೆವು. ಹೊತ್ತು ಮುಳುಗಿತು. ಏನೂ ಬರಲಿಲ್ಲ. ಆಯಿಯ ಕೈ ನನ್ನ ಕೈಯನ್ನು ನೋಯುವಷ್ಟು ಹಿಡಿದಿತ್ತು. ಆಗ ಜೋಳದ ಅಂಚಿನಲ್ಲಿ ಎರಡು ಕಿವಿ ಎದ್ದವು. ದೊಡ್ಡ ಮೊಲ ನಿಂತಿತು, ಆಲಿಸಿತು, ನೆಗೆಯಿತು, ಮರಿಯ ಮೇಲೆ ಬಾಗಿತು. ನಾವು ಉಸಿರು ಬಿಡುವುದರೊಳಗೆ ಕುಡಿಸಿ ಹೋಗಿಯೂ ಬಿಟ್ಟಿತು. "ಇಷ್ಟ ಏನು? ಮುಗೀತಾ ಇಕೀ ತಾಯ್ತನ?" ಅಂತ ಆಯಿ ಬೈದಳು. ಬೈಯುತ್ತಲೇ ಕಂಬಳಿಯ ತುದಿಯಿಂದ ಕಣ್ಣು ಒರೆಸಿಕೊಂಡಳು.

ಮುಂದೆ ನಾನು ಡಿಗ್ರಿಗೆ ಗೋಕಾಕಿನ ಹಾಸ್ಟೆಲ್ ಸೇರಿದೆ. ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದ ಮೊದಲನೆಯವಳು ನಾನು, ಹೇಳಿಕೊಳ್ಳಲು ಸಂಕೋಚವಿಲ್ಲ. ಹುಕ್ಕೇರಿಯಿಂದ ಬಂದ ಬೀಗರು, "ಬೆಳೆದ ಹುಡುಗಿನ್ನ ಒಬ್ಬಾಕಿನ್ನ ಬಿಟ್ಟು ಬಂದ್ಯಲ್ಲಬೇ" ಅಂದಾಗ ಆಯಿ, "ಬಿಟ್ಟು ಬಂದಿಲ್ಲ, ಇಟ್ಟು ಬಂದೀನಿ" ಅಂದಳಂತೆ. ರವಿವಾರ ಸಂಜೆ ಬುತ್ತಿ ಹಿಡಿದು ಹಾಸ್ಟೆಲ್ಲಿಗೆ ಬರುತ್ತಿದ್ದಳು. ನಾನು ಉಣ್ಣುವವರೆಗೆ ಕುಂತು, ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದಳು.

ಈಗ ಆಯಿ ಇಲ್ಲ, ಹಿಂಡು ಮಾರಿದ್ದಾಯಿತು, ಜೋಳದ ಹೊಲವೆಲ್ಲ ಕಬ್ಬು. ಈ ಮೊಲದ ಸಂಗತಿ ನನ್ನಿಂದ ಕೇಳಿದವರು, ಗೂಬೆಮರಿ, ಅಳಿಲಮರಿ ಸಿಕ್ಕರೆ ನನಗೆ ಫೋನ್ ಮಾಡುತ್ತಾರೆ. ಗಾಯವಾಗಿದ್ದರೆ ಗಾಳಿಯಾಡುವ ಡಬ್ಬಿಯಲ್ಲಿ ಕತ್ತಲು ಮಾಡಿ ಇಡ್ರಿ, ಹಾಲು ಹಾಕಬ್ಯಾಡ್ರಿ, ಅರಣ್ಯದವರಿಗೆ ತಿಳಿಸ್ರಿ ಅನ್ನುತ್ತೇನೆ. ಗಾಯವಿಲ್ಲದಿದ್ದರೆ, ಇದ್ದಲ್ಲೇ ಇಟ್ಟು ದೂರ ಕುಂತು ನೋಡ್ರಿ, ಅದರವರು ಯಾರಾದರೂ ಬಂದಾರು ಅನ್ನುತ್ತೇನೆ. ಫೋನ್ ಇಟ್ಟ ಮೇಲೆ ಹೊತ್ತು ಮುಳುಗುವ ತನಕ ನನಗೆ ಯಾವ ಕೆಲಸದ ಮೇಲೂ ಮನಸ್ಸು ನಿಲ್ಲುವುದಿಲ್ಲ.