ಆಪಾನ ಜಪ್ತಿ ಡಬ್ಬಿ

ಮೊನ್ನೆ ಹಳೆಯ ವ್ಯಾನಿಟಿ ಬ್ಯಾಗು ಕೊಡವಿದಾಗ ಖಾಲಿ ಗುಳಿಗೆ ಪಟ್ಟಿಯೊಂದು ಬಿತ್ತು. ಪ್ರತಿ ಗುಳಿಗೆಯ ಹಿಂದೆ ನೀಲಿ ಮಾರ್ಕರಿನಲ್ಲಿ ಸೋಮ, ಮಂಗಳ, ಬುಧ... ಆಪಾನ ಅಕ್ಷರ. ಒಬ್ಬಳೇ ಕೂತು ನಕ್ಕೆ.

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಔಷಧಿ ಅಂಗಡಿ ಇತ್ತು. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡ ಅಜ್ಜಿಯರೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಡಾಕ್ಟರ ಚೀಟಿಯಿಲ್ಲದೆ, ಬೇರೆಯವರು ನುಂಗಿದ ಗುಳಿಗೆಯ ಖಾಲಿ ಪಟ್ಟಿ ತೋರಿಸಿ "ಇಂಥಾದ್ದೇ ಕೊಡ್ರಿ" ಎಂದವರ ಪಟ್ಟಿ ನೇರವಾಗಿ ಒಂದು ಬಿಸ್ಕತ್ತಿನ ಡಬ್ಬಿಗೆ ಬೀಳುತ್ತಿತ್ತು. ಅದಕ್ಕೆ ಜಪ್ತಿ ಡಬ್ಬಿ ಎಂದು ಅವರೇ ಹೆಸರಿಟ್ಟಿದ್ದರು.

ಆಗ ನನಗೆ ಐವತ್ತೆರಡು. ಮುಟ್ಟು ನಿಂತು ಒಂದೂವರೆ ವರ್ಷವಾಗಿತ್ತು. ಮೈಯೊಳಗೆ ಒಲೆ ಹೊತ್ತಿಸಿದಂಥ ಉರಿ, ಮೂಗಿನ ತುದಿಯಲ್ಲೇ ಸಿಟ್ಟು. ಚಳಿಗಾಲದ ಬೆಳಿಗ್ಗೆಯೂ ಕ್ಲಾಸಿನಲ್ಲಿ ಫ್ಯಾನು ಜೋರಾಗಿ ತಿರುಗಬೇಕು. ಮಕ್ಕಳು "ಥಂಡಿ ಹತ್ತೈತ್ರೀ ಟೀಚರ್ರೀ!" ಎಂದು ಒಬ್ಬರಿಗೊಬ್ಬರು ಅಂಟಿ ಕೂರುತ್ತಿದ್ದರು.

ನಮ್ಮ ಓಣಿಯಲ್ಲಿ ಮೊಸರಿಗೆ ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿಯಿಲ್ಲ. ಗುಳಿಗೆಗೂ ಅದೇ ಮರ್ಯಾದೆ! ಪಕ್ಕದ ಮನೆಯಾಕೆ ಹೆಪ್ಪಿನ ಬಟ್ಟಲಿನ ಜೊತೆ ತನ್ನ ಖಾಲಿ ಪಟ್ಟಿಯನ್ನೂ ಕೊಟ್ಟಳು. "ತಿಂಗಳದಾಗ ನನ್ನ ಉರಿ ಇಳೀತ್ರಿ. ನೀವೂ ತಗೋರಿ."

ಅಂಗಡಿಯಲ್ಲಿ ಆಪಾ ಆ ಪಟ್ಟಿ ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇದು ಈಸ್ಟ್ರೋಜನ್ ಹಾರ್ಮೋನು. ಇದೊಂದನ್ನ ಬರದಾರಂದ್ರ, ಆಕಿಗೆ ಗರ್ಭಕೋಶ ತೆಗದಿರಬೇಕು. ನಿಮಗ ಐತೋ ಇಲ್ಲೋ?"

ಪಕ್ಕದಲ್ಲಿ ಕೆಮ್ಮಿನ ಔಷಧಿಗೆ ನಿಂತಿದ್ದ ಗಂಡಸು ತಕ್ಷಣ ಮೇಲ್ಛಾವಣಿ ನೋಡತೊಡಗಿದ. ನಾನು ಪಿಸುಗುಟ್ಟಿದೆ, "ಐತಿ."

"ಹಂಗಾದ್ರ ಇದೊಂದ ನುಂಗಿದ್ರ ಗರ್ಭಕೋಶದ ಒಳಪದರ ದಪ್ಪ ಆಕ್ಕೋಂತ ಹೋಗ್ತೈತಿ. ಮುಂದ ಕ್ಯಾನ್ಸರೂ ಆಗಬಹುದು. ಮುಟ್ಟು ನಿಂತ ಮ್ಯಾಲೆ ಮತ್ತ ರಕ್ತ ಕಂಡೈತೇನು?"

ಎರಡು ಸಲ ಕಂಡಿತ್ತು. ಉಷ್ಣ ಇರಬೇಕೆಂದು ಮಜ್ಜಿಗೆ ಕುಡಿದು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ಹೆದರಿದ್ದೆ. ಎರಡು ಬೆರಳಷ್ಟೇ ಎತ್ತಿ ತೋರಿಸಿದೆ. ಪಟ್ಟಿ ಟಕ್ ಎಂದು ಡಬ್ಬಿಗೆ ಬಿತ್ತು. "ನಾನೂ ಓದಿದಾಕೀನ!" ಎಂದು ಸಿಡುಕಿ ಹೊರಬಂದೆ.

ಮರುದಿನ ನೋಡಿದರೆ, ಅಂಗಡಿಗೆ ಬೀಗ ಹಾಕಿ ಆಪಾ ನಮ್ಮ ಶಾಲೆಯ ಗೇಟಿನಲ್ಲಿ ನಿಂತಿದ್ದಾರೆ, ಪಕ್ಕದಲ್ಲಿ ಆಟೋ. "ಹತ್ರಿ. ಸಿಟ್ಟು ದಾರ್‍ಯಾಗ ಮಾಡಿರಂತ."

ಹೆಣ್ಣುಮಕ್ಕಳ ಡಾಕ್ಟರು ಸ್ಕ್ಯಾನ್ ಮಾಡಿ, ಒಳಪದರದ ಚೂರನ್ನು ಪರೀಕ್ಷೆಗೆ ಕಳಿಸಿದರು. ವರದಿ ಬಂತು. ಪದರ ದಪ್ಪವಾಗಿತ್ತು, ಆದರೆ ಕ್ಯಾನ್ಸರ್ ಅಲ್ಲ. ನನಗೆ ಬರೆದದ್ದು ಬೇರೆಯದೇ ಹಾರ್ಮೋನು, ಆ ಪದರವನ್ನು ಹದ್ದುಬಸ್ತಿನಲ್ಲಿಡುವಂಥದ್ದು. ಪಕ್ಕದ ಮನೆಯ ಗುಳಿಗೆ ನುಂಗಿದ್ದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಗುತ್ತಿತ್ತು.

ಆಪಾ ಪಟ್ಟಿಯ ಮೇಲೆ ವಾರಗಳನ್ನು ಬರೆದುಕೊಟ್ಟರು. "ಒಂದ ದಿನ ಮರೆತ್ರ ಎರಡ ಕೂಡಿ ನುಂಗಬ್ಯಾಡ್ರಿ, ಕೇಳ್ರಿ. ನೀವಾಗೇ ಬಿಡಬ್ಯಾಡ್ರಿ. ಕಾಲು ಊದಿದ್ರ, ಉಸಿರು ಕಟ್ಟಿದ್ರ ಸೀದಾ ದವಾಖಾನಿಗೆ." ಹೋದಾಗಲೆಲ್ಲ ನಾನು ಬಾಯಿ ತೆರೆಯುವ ಮೊದಲೇ ನನ್ನ ಕಾಲು ನೋಡುತ್ತಿದ್ದರು.

ಆರು ತಿಂಗಳ ಮೇಲೆ ಮರುಪರೀಕ್ಷೆಯ ವರದಿ ಚೊಕ್ಕವಾಗಿ ಬಂತು. ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಓಡಿದೆ. ಆಪಾ ಕಣ್ಣೊರೆಸಿಕೊಂಡರು, ಖಾರಕ್ಕೆ ಎಂದರು. ಇನ್ನೂ ತಿಂದೇ ಇರಲಿಲ್ಲ!

"ಆಕಿ ಪಟ್ಟಿ ವಾಪಸ್ ಕೊಡ್ರಿ" ಎಂದು ಕೆಣಕಿದೆ. "ಜಪ್ತಿ ಅಂದ್ರ ಜಪ್ತಿ" ಎಂದರು.

ಆಪಾ ಹೋಗಿ ಮೂರು ವರ್ಷವಾಯಿತು. ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಆ ಡಬ್ಬಿ ಎಲ್ಲಿ ಹೋಯಿತೋ... ಕೇಳಿ ಇಟ್ಟುಕೊಳ್ಳಬೇಕಿತ್ತು.

ನಿನ್ನೆ ಎದುರು ಮನೆಯ ಸೊಸೆ ಹೆಪ್ಪಿಗೆ ಬಂದವಳು ಮೇಜಿನ ಮೇಲಿದ್ದ ಆ ಪಟ್ಟಿ ಕಂಡಳು. "ಇದರಿಂದನ ನಿಮಗ ಆರಾಮಾತಂತಲ್ರೀ? ನನಗೂ ಮುಟ್ಟಿನಾಗ ರಕ್ತ ಭಾಳ ಹೋಗ್ತೈತ್ರಿ. ಇದರ ಫೋಟೋ ಹೊಡಕೊಳ್ಲೇನ್ರಿ?"

ಹೆಪ್ಪು ಕೊಟ್ಟೆ. ಪಟ್ಟಿ ಕಸಿದುಕೊಂಡೆ. "ನಾಳೆ ಒಂಬತ್ತಕ್ಕ ತಯಾರಾಗಿರು. ದವಾಖಾನಿಗೆ ನಾನೂ ಬರ್ತೀನಿ" ಎಂದೆ.

ಎಳೆದು ಬೀಗ ಹಾಕಲು ನನಗೆ ಅಂಗಡಿಯಿಲ್ಲ. ಅರ್ಧ ದಿನದ ರಜಾ ಚೀಟಿ ಬರೆದೆ.